ಎರಡೂ ಕಪ್ಪು, ಆಗೈಟ್ ಯಾವುದು?

ಪ್ರಶ್ನೆ: ಅಗ್ನಿಶಿಲೆಗಳನ್ನು ಲೆನ್ಸ್ ಹಿಡಿದು ನೋಡುವ ಹವ್ಯಾಸ ನನ್ನದು. ಆಗೈಟ್ ಮತ್ತು ಹಾರ್ನ್‌ಬ್ಲೆಂಡ್ ಎಂಬ ಎರಡು ಖನಿಜಗಳು ಮಾತ್ರ ಪ್ರತಿ ಸಲ ಗೊಂದಲ, ಎರಡೂ ಕಪ್ಪಗೇ ಇರುತ್ತವೆ. ಹೇಗೆ ಗುರುತಿಸಲಿ?

ಉತ್ತರ: ಬಣ್ಣವನ್ನು ನಂಬಬೇಡಿ. ಗಡಸುತನವೂ ಇಲ್ಲಿ ಕೈಕೊಡುತ್ತದೆ, ಮೋಸ್ ಅಳತೆಯಲ್ಲಿ ಎರಡೂ 5ರಿಂದ 6ರ ಆಸುಪಾಸಿನವೇ. ನೋಡಬೇಕಾದ್ದು ಹರಳು ಸೀಳಿದ ಕೋನ. ಎರಡರಲ್ಲೂ ಸೀಳು ಎರಡು ದಿಕ್ಕಿನಲ್ಲಿರುತ್ತದೆ, ಆದರೆ ಆಗೈಟ್‌ನಲ್ಲಿ ಆ ಎರಡು ಸೀಳುಗಳ ನಡುವೆ ಸುಮಾರು 87 ಮತ್ತು 93 ಡಿಗ್ರಿ, ಹಾರ್ನ್‌ಬ್ಲೆಂಡ್‌ನಲ್ಲಿ ಸುಮಾರು 56 ಮತ್ತು 124. ಅಳೆಯುವ ಕಷ್ಟ ಬೇಡ. ಒಳ್ಳೇ ಬೆಳಕಿನಲ್ಲಿ ಕಲ್ಲನ್ನು ನಿಧಾನಕ್ಕೆ ತಿರುಗಿಸುತ್ತಾ ಹರಳಿನ ಅಡ್ಡ ತುದಿ ಎದುರಿಗೆ ಬರುವ ತನಕ ನೋಡಿ: ಮೂಲೆಗಳು ಮೆಟ್ಟಿಲಿನ ಹಾಗೆ ಚೌಕವಾಗಿದ್ದರೆ ಆಗೈಟ್, ಓರೆಯಾಗಿದ್ದರೆ ಹಾರ್ನ್‌ಬ್ಲೆಂಡ್.

ಯಾಕೆ ಹೀಗೆ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. ಎರಡರ ಒಳಗೂ ಸಿಲಿಕಾನ್ ಮತ್ತು ಆಮ್ಲಜನಕದ ಉದ್ದುದ್ದ ಸರಪಳಿಗಳಿವೆ. ಆಗೈಟ್‌ನಲ್ಲಿ ಒಂಟಿ ಸರಪಳಿ, ಹಾರ್ನ್‌ಬ್ಲೆಂಡ್‌ನಲ್ಲಿ ಜೋಡಿ. ಹರಳು ಒಡೆಯುವಾಗ ಸರಪಳಿ ತುಂಡಾಗುವುದಿಲ್ಲ, ಅದರ ಅಕ್ಕಪಕ್ಕದ ಸಡಿಲ ಜಾಗದಲ್ಲೇ ಬಿರುಕು ಸಾಗುತ್ತದೆ. ಜೋಡಿ ಸರಪಳಿ ಅಗಲ ಜಾಸ್ತಿ, ಅದನ್ನು ಬಳಸಿಕೊಂಡು ಹೋಗುವ ಬಿರುಕು ಓರೆಯಾಗಲೇಬೇಕು ಅಲ್ವಾ? ಕಣ್ಣಿಗೆ ಕಾಣದ ಅಣುಗಳ ಜೋಡಣೆ ನಿಮ್ಮ ಅಂಗೈಯಲ್ಲಿ ಕೋನವಾಗಿ ಕಾಣುತ್ತದೆ!

ಹರಳಿನ ಆಕಾರವೂ ನೆರವಾಗುತ್ತದೆ. ಹಾರ್ನ್‌ಬ್ಲೆಂಡ್ ಉದ್ದ, ಹೊಳಪು ಹೆಚ್ಚು. ಆಗೈಟ್ ಗಿಡ್ಡ, ಸ್ವಲ್ಪ ಮಂಕು. ಚಾಕುವಿನ ತುದಿಗೆ ತೆಳ್ಳಗಿನ ಹಾಳೆ ಎದ್ದುಬಂದರೆ ಎರಡೂ ಅಲ್ಲ, ಅದು ಬಯೋಟೈಟ್, ಅಂದರೆ ಕಪ್ಪು ಕಾಗೆಬಂಗಾರ. ಗ್ಯಾಬ್ರೋದಲ್ಲಿ ಆಗೈಟ್, ಡಯೊರೈಟ್‌ನಲ್ಲಿ ಹಾರ್ನ್‌ಬ್ಲೆಂಡ್ ಅಂತ ಕಲ್ಲಿನ ಹೆಸರು ನೋಡಿ ಸುಮ್ನೆ ತೀರ್ಮಾನಿಸಬೇಡಿ. ಆಗೈಟ್ ಹರಳಿನ ಅಂಚು ಹಾರ್ನ್‌ಬ್ಲೆಂಡ್ ಆಗಿ ಬದಲಾಗಿರುವುದೂ ಉಂಟು, ಆಗ ಒಂದೇ ಹರಳಿನಲ್ಲಿ ಎರಡೂ ಇರುತ್ತವೆ.

ಪ್ರಶ್ನೆ: ಫೆಲ್ಡ್‌ಸ್ಪಾರ್ ಎಂಬ ಖನಿಜಗಳ ಗುಂಪಿನಲ್ಲಿ ಗುಲಾಬಿ ಬಣ್ಣದ್ದು ಆರ್ಥೋಕ್ಲೇಸ್, ಬಿಳಿಯದು ಪ್ಲೇಜಿಯೋಕ್ಲೇಸ್. ಇದು ನಿಜವೇ?

ಉತ್ತರ: ಎಷ್ಟೋ ಸಲ ನಿಜ, ಯಾವಾಗಲೂ ಅಲ್ಲ. ಬಿಳಿ ಆರ್ಥೋಕ್ಲೇಸ್ ಕೂಡ ಸಾಕಷ್ಟು ಸಿಗುತ್ತದೆ. ಹತ್ತು ಪಟ್ಟಿನ ಲೆನ್ಸ್‌ನಲ್ಲಿ ಸೀಳಿದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಡ್ಡಗೆರೆ ಎಳೆದಂತೆ ಒಂದಕ್ಕೊಂದು ಸಮಾನಾಂತರವಾದ ನೇರ, ಸಣ್ಣ ಗೆರೆಗಳು ಮಿನುಗಿದರೆ ಅದು ಪ್ಲೇಜಿಯೋಕ್ಲೇಸ್. ಒಂದು ಮುಖದಲ್ಲಿ ಗೆರೆ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ, ಎಲ್ಲ ಮುಖದಲ್ಲೂ ಅವು ಕಾಣುವುದಿಲ್ಲ, ಪಕ್ಕದ ಇನ್ನೂ ನಾಲ್ಕಾರು ಹರಳು ನೋಡಿ. ಇನ್ನು ಸೀಳೇ ಇಲ್ಲದೆ ಗಾಜಿನ ಚೂರಿನಂತೆ ಅಡ್ಡಾದಿಡ್ಡಿ ಒಡೆದಿದ್ದರೆ ಅದು ಫೆಲ್ಡ್‌ಸ್ಪಾರ್ ಅಲ್ಲ, ಬೆಣಚು.