ಸತ್ಯವೇದದ ಕಥೆಯನ್ನು ಪಾತ್ರ ಮಾಡಿ, ಗೊಂಬೆ ಇಟ್ಟು ಹೇಳಿದರೆ ಅದು ಪ್ರಾರ್ಥನೆಯಾಗುತ್ತದೆಯೇ?

ಒಂಬತ್ತು ವರ್ಷದ ಮಗಳಿಗೆ ದಿನವೂ ರಾತ್ರಿ ಸತ್ಯವೇದ ಓದಿ ಹೇಳಿದರೂ ಅವಳ ಮನಸ್ಸು ಅದರಲ್ಲಿ ನಿಲ್ಲುತ್ತಿಲ್ಲ, ಹಾಗೆಂದು ಗೊಂಬೆ ಇಟ್ಟು, ಪಾತ್ರ ಮಾಡಿಸಿ ಕಥೆ ಹೇಳಿದರೆ ದೇವರ ವಾಕ್ಯವನ್ನು ಆಟದ ಮಟ್ಟಕ್ಕೆ ಇಳಿಸಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ 16 ವರ್ಷಗಳಿಂದ ಸಂಡೇ ಸ್ಕೂಲ್ ಮಕ್ಕಳ ಜೊತೆ ಇರುವವಳಾಗಿ ಹೇಳುತ್ತೇನೆ: ಇಳಿಸಿದಂತಾಗುವುದಿಲ್ಲ. ಅದು ಪ್ರಾರ್ಥನೆಯೂ ಆಗಬಲ್ಲದು. ಆದರೆ ಆಗುವುದೂ ಬಿಡುವುದೂ ಕಥೆ ಮುಗಿದ ಮರುಕ್ಷಣ ನಾವು ದೊಡ್ಡವರು ಬಾಯಿ ತೆರೆಯುತ್ತೇವೆಯೇ, ಸುಮ್ಮನಿರುತ್ತೇವೆಯೇ ಎಂಬುದರ ಮೇಲೆ ನಿಂತಿದೆ.

ಮೊದಲ ಕೆಲವು ವರ್ಷ ನಾನು ಬಾಯಿ ತೆರೆಯುತ್ತಿದ್ದೆ. ಕಥೆ ಓದಿ, ‘ಇದರಿಂದ ನಾವು ಕಲಿಯುವ ಪಾಠವೇನು?’ ಎಂದು ಕೇಳುತ್ತಿದ್ದೆ. ‘ದೇವರನ್ನು ನಂಬಬೇಕು ಮಿಸ್’ ಎಂಬ ಉತ್ತರ ಯಾವ ಕಥೆಗಾದರೂ ಸಿದ್ಧವಾಗಿರುತ್ತಿತ್ತು. ಕನ್ನಡದಲ್ಲಿ ಪೂರ್ಣ ಸತ್ಯವೇದ 1831ರಲ್ಲೇ ಅಚ್ಚಾಗಿದೆ. ಆಮೇಲೆ ಪರಿಷ್ಕರಣೆಗಳಾಗಿದ್ದರೂ ನಮ್ಮ ಸಭೆಗಳಲ್ಲಿ ಓದುವ ಭಾಷೆ ಇಂದಿಗೂ ಗ್ರಾಂಥಿಕವೇ. ಆ ಭಾಷೆ ನನಗೆ ಬಹಳ ಪ್ರಿಯ. ಆದರೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ನಾಲ್ಕು ಭಾಷೆ ಕೇಳಿ ಬೆಳೆಯುವ ನಮ್ಮೂರಿನ ಮಗುವಿಗೆ ಅದರೊಳಗೆ ಹೋಗಲು ಬಾಗಿಲೊಂದು ಬೇಕು.

ನನ್ನ ಪಾಲಿಗೆ ಆ ಬಾಗಿಲು ತೆರೆದದ್ದು ಯೇಸುಸ್ವಾಮಿಯಿಂದ ಕಣ್ಣು ಪಡೆದ ಕುರುಡ ಭಿಕ್ಷುಕ ಬಾರ್ತಿಮಾಯನ ಕಥೆಯಿಂದ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದ ಕೊನೆಯಲ್ಲಿ ಅದು ಇದೆ. ಒಂದು ಭಾನುವಾರ ದೇವಾಲಯದ ಹಿಂದಿನ ಹಾಲ್‌ನಲ್ಲಿ ಎರಡು ಸಾಲು ಕುರ್ಚಿಗಳ ನಡುವೆ ಯೆರಿಕೋವಿನ ದಾರಿ ಮಾಡಿದೆವು. ಹತ್ತು ವರ್ಷದ ಹುಡುಗನೊಬ್ಬ ಕಂಬಳಿ ಹೊದ್ದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದಾರಿಯ ಪಕ್ಕದಲ್ಲಿ ಕುಳಿತ. ಉಳಿದವರು ಜನಜಂಗುಳಿ. ಯೇಸುಸ್ವಾಮಿಯ ಪಾತ್ರವನ್ನು ನಾನು ಯಾರಿಗೂ ಕೊಡುವುದಿಲ್ಲ. ಆತನ ಮಾತು ಬಂದಾಗ ಪುಸ್ತಕದಿಂದಲೇ ಓದುತ್ತೇನೆ, ಏಕೆಂದರೆ ಆ ಧ್ವನಿ ನಮ್ಮ ಅಭಿನಯದ ಹೊರಗಿನಿಂದ ಬರಬೇಕೆಂಬುದು ನನ್ನ ಹಟ. ಕುರುಡ ಭಿಕ್ಷುಕ ಕರುಣಿಸೆಂದು ಕೂಗಿದಾಗ ಜನ ಅವನನ್ನು ಗದರಿಸಿದರೆಂದು ಸುವಾರ್ತೆಯಲ್ಲಿದೆ. ನಮ್ಮ ಮಕ್ಕಳು ಅದನ್ನು ಬಹಳ ಉತ್ಸಾಹದಿಂದ ಮಾಡಿದರು. ‘ಏಯ್, ಸುಮ್ನಿರೋ!’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕಿರುಚಿದವಳು ಏಳನೆಯ ತರಗತಿಯ ಹುಡುಗಿ. ಆಮೇಲೆ ‘ಅವನನ್ನು ಕರೆಯಿರಿ’ ಎಂಬ ಮಾತನ್ನು ಓದಿದೆ. ಅವಳು ತಕ್ಷಣ ತಿರುಗಿ, ‘ನಾವೇ ಕರೀಬೇಕಾ?’ ಎಂದಳು. ಹೌದು, ಗದರಿಸಿದ ಜನಕ್ಕೇ ಆ ಅಪ್ಪಣೆಯಾಗಿದೆ. ಎಷ್ಟೋ ಸಲ ಓದಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅಷ್ಟರಲ್ಲಿ ಬಾರ್ತಿಮಾಯ ಏಳಬೇಕಿತ್ತು, ಹೊದ್ದಿಕೆಯನ್ನು ಬಿಸಾಡಬೇಕಿತ್ತು. ಹುಡುಗ ಕಂಬಳಿಯನ್ನು ಬಿಡಲೊಲ್ಲ. ‘ಕಣ್ಣು ಇನ್ನೂ ಬಂದಿಲ್ಲವಲ್ಲ ಮಿಸ್, ಎಸೆದುಬಿಟ್ಟರೆ ಆಮೇಲೆ ಹುಡುಕೋದು ಹೇಗೆ?’ ಎಂದು ಕೇಳಿದ. ವಿಶ್ವಾಸ ಎಂದರೇನು ಎಂದು ವಿವರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಆದರೂ ವಿವರಿಸಲಿಲ್ಲ. ಎಲ್ಲರೂ ನೆಲದ ಮೇಲೆ ಕುಳಿತೆವು, ಕಂಬಳಿಯನ್ನು ಮಧ್ಯದಲ್ಲಿ ಇಟ್ಟೆವು. ‘ನಾನು ನಿನಗೆ ಏನು ಮಾಡಬೇಕು?’ ಎಂದು ಯೇಸುಸ್ವಾಮಿ ಅವನನ್ನು ಕೇಳಿದ ಪ್ರಶ್ನೆಯನ್ನು ಒಂದೇ ಸಲ ಓದಿ ಪುಸ್ತಕ ಮುಚ್ಚಿದೆ. ಐದು ನಿಮಿಷ ಯಾರೂ ಮಾತನಾಡಲಿಲ್ಲ. ಆ ಮಕ್ಕಳಿಂದ ಅಷ್ಟು ಹೊತ್ತಿನ ಮೌನವನ್ನು ‘ಕಣ್ಣು ಮುಚ್ಚಿ, ಕೈ ಜೋಡಿಸಿ’ ಎಂದು ಹೇಳಿ ನಾನು ಎಂದೂ ಪಡೆದಿರಲಿಲ್ಲ. ಆ ಐದು ನಿಮಿಷವನ್ನು ಪ್ರಾರ್ಥನೆಯಲ್ಲದೆ ಬೇರೇನೆಂದು ಕರೆಯಲಿ?

ಇದು ಈಚೆಗೆ ಯಾರೋ ಹುಟ್ಟಿಸಿದ ರೂಢಿ ಎಂಬ ಅಳುಕು ನಿಮಗೆ ಬೇಡ. ಕ್ರಿಸ್ಮಸ್‌ನಲ್ಲಿ ನಾವು ಕಟ್ಟುವ ಗೋದಲಿಯ ಹಿಂದೆ 1223ರಲ್ಲಿ ಸಂತ ಅಸ್ಸಿಸಿಯ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತಂದು ಬೇತ್ಲೆಹೇಮಿನ ಆ ರಾತ್ರಿಯನ್ನು ಜನರ ಕಣ್ಣೆದುರು ನಿಲ್ಲಿಸಿದ ಘಟನೆಯಿದೆ. 1548ರಲ್ಲಿ ಅಚ್ಚಾದ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಲೊಯೋಲಾದ ಇಗ್ನೇಷಿಯಸರು ಸುವಾರ್ತೆಯ ಸನ್ನಿವೇಶವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅಲ್ಲಿನ ಜನರನ್ನು ನೋಡಿ, ಅವರ ಮಾತು ಕೇಳಿ, ಕೊನೆಗೆ ಸ್ನೇಹಿತನೊಡನೆ ಮಾತನಾಡುವಂತೆ ಕರ್ತನೊಡನೆ ಮಾತನಾಡಬೇಕೆಂದು ಕಲಿಸಿದರು. ರೋಮ್‌ನಲ್ಲಿ ಸೋಫಿಯಾ ಕವಲ್ಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ ಅವರು 1954ರಲ್ಲಿ, ವಸ್ತುಗಳನ್ನು ಮುಟ್ಟಿ ಕಲಿಯುವ ಮಾಂಟೆಸ್ಸರಿ ಕ್ರಮದಲ್ಲಿ, ಮಕ್ಕಳ ಕೈಗೆ ಕುರಿ, ಕುರುಬ, ಹಟ್ಟಿಗಳನ್ನು ಕೊಟ್ಟು ಯೇಸುಸ್ವಾಮಿಯ ಸಾಮ್ಯಗಳನ್ನು, ಅಂದರೆ ದೃಷ್ಟಾಂತ ಕಥೆಗಳನ್ನು, ಹೇಳತೊಡಗಿದರು. ಅದರಿಂದ ಪ್ರೇರಣೆ ಪಡೆದು ಅಮೆರಿಕದ ಜೆರೋಮ್ ಬೆರಿಮನ್ ಅವರು ರೂಪಿಸಿದ ‘ಗಾಡ್ಲಿ ಪ್ಲೇ’ ಕ್ರಮದಲ್ಲಿ ಕಥೆಯ ನಂತರ ಕೇಳುವ ಪ್ರಶ್ನೆಗಳಿಗೆ ಸರಿ-ತಪ್ಪು ಉತ್ತರವೇ ಇರುವುದಿಲ್ಲ.

ಅಂಥ ಪ್ರಶ್ನೆಗೆ ಕನ್ನಡದಲ್ಲಿ ಒಂದು ಅನುಕೂಲವಿದೆ. ‘ಇತ್ತು’ ಎಂಬುದು ಬೇರೆ, ‘ಇದ್ದಿರಬಹುದು’ ಎಂಬುದು ಬೇರೆ. ‘ಅವನಿಗೆ ಹೊದ್ದಿಕೆ ಇತ್ತು’ ಎಂಬುದು ಸುವಾರ್ತೆಯ ಮಾತು. ‘ಅದನ್ನು ಯಾರು ಕೊಟ್ಟಿರಬಹುದು?’ ಎಂಬುದು ನಮ್ಮ ಮಾತು. ಮಕ್ಕಳು ಈ ವ್ಯತ್ಯಾಸವನ್ನು ಬೇಗ ಹಿಡಿಯುತ್ತಾರೆ. ವಾಕ್ಯಕ್ಕೆ ನಮ್ಮ ಕಲ್ಪನೆಯನ್ನು ಸೇರಿಸಿಬಿಡುತ್ತೇವೆಂಬ ಭಯ ನಮ್ಮ ಸಭಾಪಾಲಕರಿಗೂ ಮೊದಲು ಇತ್ತು, ಮತ್ತು ಅದು ನ್ಯಾಯವಾದ ಭಯ. ಆದ್ದರಿಂದ ಪ್ರತಿ ಸಲ ಕೊನೆಯಲ್ಲಿ ಆ ಭಾಗವನ್ನು ಒಂದಕ್ಷರ ಬಿಡದೆ ಸತ್ಯವೇದದಿಂದ ಮತ್ತೆ ಓದುತ್ತೇವೆ.

ನೀವು ಮನೆಯಲ್ಲಿ ಲೂಕನ 15ನೆಯ ಅಧ್ಯಾಯದ ಕಳೆದುಹೋದ ಕುರಿಯಿಂದ ಆರಂಭಿಸಿ. ಚನ್ನಪಟ್ಟಣದ ಮರದ ಕುರಿ ಸಿಕ್ಕಿದರೆ ಚೆಂದ, ಆದರೆ ನೂರು ಹುಣಸೆ ಬೀಜ ಸಾಕು. ಮಗಳ ಕೈಯಲ್ಲೇ ಅವನ್ನು ಎಣಿಸಿಸಿ ಒಂದು ಮೊರದಲ್ಲಿ ಹಾಕಿಸಿ. ಅವಳು ಆಚೆ ಹೋದಾಗ ಒಂದನ್ನು ತೆಗೆದು ಮನೆಯಲ್ಲಿ ಎಲ್ಲಾದರೂ ಬಚ್ಚಿಡಿ. ಮೊರವನ್ನು ನೋಡಿದ ಮಾತ್ರಕ್ಕೆ ಅವಳಿಗೆ ಏನೂ ಗೊತ್ತಾಗುವುದಿಲ್ಲ. ಮತ್ತೆ ಒಂದೊಂದಾಗಿ ಎಣಿಸಿದ ಮೇಲೆಯೇ ತೊಂಬತ್ತೊಂಬತ್ತು ಎಂದು ತಿಳಿಯುವುದು. ಆ ಕುರುಬನೂ ಹಾಗೆಯೇ ಎಣಿಸಿದ್ದಿರಬಹುದಲ್ಲವೇ ಎಂದು ಅವಳೇ ಕೇಳಿಯಾಳು, ಕೇಳದೆಯೂ ಇರಬಹುದು. ಹುಡುಕಿ ತಂದ ಮೇಲೆ ಆ ಬೀಜವನ್ನು ಅವಳ ಅಂಗೈಯಲ್ಲಿಟ್ಟು, ದೀಪ ಸಣ್ಣದು ಮಾಡಿ, ಯಾರ ಹೆಸರನ್ನಾದರೂ ದೇವರಿಗೆ ಹೇಳಬೇಕೆನಿಸಿದರೆ ಹೇಳು ಎನ್ನಿ. ಅವಳು ಗಟ್ಟಿಯಾಗಿ ಹೇಳದಿದ್ದರೆ ಯಾರೆಂದು ಕೇಳಬೇಡಿ.