ಮೂರು ದೃಷ್ಟಿಕೋನಗಳಲ್ಲಿ ಸರಿಯಾದದ್ದು ಯಾವುದು?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಹಳ್ಳಿಯವಳು, ಬಿ.ಎ. ಮೊದಲ ವರ್ಷದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೇನೆ. ಪ್ರಕಾರ್ಯವಾದ, ಸಂಘರ್ಷ ಸಿದ್ಧಾಂತ, ಸಾಂಕೇತಿಕ ಅಂತರ್‌ಕ್ರಿಯಾವಾದ ಈ ಮೂರನ್ನೂ ಬಾಯಿಪಾಠ ಮಾಡಿದ್ದೇನೆ. ಮೂರೂ ಸರಿಯಾದರೆ ಮೂರು ಏಕೆ ಬೇಕು? ಒಂದೇ ಸರಿಯಾದರೆ ಅದು ಯಾವುದು?

ಉತ್ತರ: ಇವು ಮೂರು ಕನ್ನಡಕಗಳಿದ್ದಂತೆ, ಬೇಕಾದದ್ದನ್ನು ಹಾಕಿಕೊಳ್ಳಬಹುದು ಎಂಬ ಉತ್ತರ ತರಗತಿಗಳಲ್ಲಿ ರೂಢಿಯಾಗಿದೆ. ನಾನು ಅದನ್ನು ಅರ್ಧಕ್ಕಿಂತ ಹೆಚ್ಚು ಒಪ್ಪಲಾರೆ. ಏಕೆ ಎಂಬುದನ್ನು ನಿಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ, ಅಂದರೆ ಬೆಳಿಗ್ಗೆ ಸಂಜೆ ಎಲ್ಲರೂ ಕ್ಯಾನು ಹಿಡಿದು ನಿಲ್ಲುವ ಡೇರಿಯನ್ನೇ, ಮುಂದಿಟ್ಟುಕೊಂಡು ನೋಡೋಣ.

ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿರುವ ಜಿಲ್ಲೆಯಲ್ಲಿ ಡೇರಿಯ ಬಟವಾಡೆ ಮನೆ ಖರ್ಚಿಗೆ ಆಧಾರ. ಸಮಾಜದ ಪ್ರತಿಯೊಂದು ಅಂಗವೂ ಇಡೀ ಸಮಾಜದ ಸ್ಥಿರತೆಗೆ ಏನನ್ನು ಒದಗಿಸುತ್ತದೆ ಎಂದು ಕೇಳುವ ಪ್ರಕಾರ್ಯವಾದಿ ಮೊದಲು ಇದನ್ನು ಗುರುತಿಸುತ್ತಾನೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ವಿವರಿಸಿದ ಭೇದವನ್ನು ಇಲ್ಲಿ ಬಳಸಿದರೆ, ಹಾಲು ಕೊಂಡು ಹಣ ಕೊಡುವುದು ಸಂಘದ ವ್ಯಕ್ತ ಪ್ರಕಾರ್ಯ, ಅಂದರೆ ಉದ್ದೇಶಿಸಿಯೇ ಮಾಡುವ ಕೆಲಸ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯಲು ಹಿಂಜರಿಯುವ ಊರಿನಲ್ಲೂ ಎಲ್ಲ ಜಾತಿಯವರ ಹಾಲು ಒಂದೇ ಕ್ಯಾನಿಗೆ ಬೀಳುವುದು, ಯಾರೂ ಉದ್ದೇಶಿಸದಿದ್ದರೂ ನಡೆಯುವ ಅವ್ಯಕ್ತ ಪ್ರಕಾರ್ಯ. ಕ್ಯಾನಿನಲ್ಲಿ ಬೆರೆತದ್ದು ಅಂಗಳದಲ್ಲಿ ಬೆರೆಯಿತೇ ಎಂಬುದು ಬೇರೆ ಪ್ರಶ್ನೆ.

ಆಸ್ತಿ, ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳುವ, ಮಾರ್ಕ್ಸ್‌ನಿಂದ ಹೊರಟ ಸಂಘರ್ಷ ದೃಷ್ಟಿಕೋನ ಹೊಲದ ಬದುವಿನಿಂದ ಆರಂಭಿಸುತ್ತದೆ. ಸ್ವಂತ ನೀರಾವರಿಯಲ್ಲಿ ಹಸಿಹುಲ್ಲು ಬೆಳೆಯುವವರಿಗೂ, ಹುಲ್ಲು ಹಿಂಡಿ ಎರಡನ್ನೂ ಕೊಂಡು ಒಂದು ಹಸು ಸಾಕುವ ಭೂರಹಿತರಿಗೂ ಫ್ಯಾಟ್ (ಕೊಬ್ಬಿನ ಅಂಶ) ಮತ್ತು ಡಿಗ್ರಿಯ (ಲ್ಯಾಕ್ಟೋಮೀಟರ್ ತೋರಿಸುವ ಹಾಲಿನ ಗಟ್ಟಿತನ) ಲೆಕ್ಕದಲ್ಲಿ ಒಂದೇ ದರ ಸಿಗುತ್ತದೆ. ಉಳಿಯುವ ಹಣ ಮಾತ್ರ ಒಂದೇ ಅಲ್ಲ. ಸಮಾನ ನಿಯಮ ಅಸಮಾನ ಫಲ ಕೊಡುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ.

ಮೂರನೆಯದಾದ ಸಾಂಕೇತಿಕ ಅಂತರ್‌ಕ್ರಿಯಾವಾದ ಜಾರ್ಜ್ ಹರ್ಬರ್ಟ್ ಮೀಡ್ ಅವರ ವಿಚಾರಗಳಿಂದ ಬೆಳೆದು, 1937ರಲ್ಲಿ ಹರ್ಬರ್ಟ್ ಬ್ಲೂಮರ್ ಅವರಿಂದ ಹೆಸರು ಪಡೆದದ್ದು. ಜನ ಒಡನಾಟದಲ್ಲಿ ಮಾತಿಗೂ ಸಂಕೇತಕ್ಕೂ ಯಾವ ಅರ್ಥ ಕೊಡುತ್ತಾರೆ ಎಂದು ಕೇಳುವ ಅದು, ಸಾಲಿನಲ್ಲಿ ನಿಂತವರ ಮಾತಿಗೆ ಕಿವಿಗೊಡುತ್ತದೆ. ‘ಇವತ್ತು ಡಿಗ್ರಿ ಕಡಿಮೆ ಬಂತು’ ಎಂದು ಎಲ್ಲರೆದುರು ಹೇಳಿದಾಗ ಮಾಪನದ ಅಂಕಿಯೊಂದು ನೀರು ಬೆರೆಸಿದ ಆರೋಪವಾಗಿ ಕೇಳಿಸುತ್ತದೆ.

ಇಷ್ಟರವರೆಗೆ ಕನ್ನಡಕದ ಹೋಲಿಕೆ ಸಾಕು. ಅದು ಸೋಲುವ ಜಾಗ ಸಂಘದ ಪುಸ್ತಕದಲ್ಲಿದೆ. ಹಾಲು ಕರೆದು, ಸಗಣಿ ಬಾಚಿ, ಹುಲ್ಲು ಹೊತ್ತು ತರುವವರು ಹೆಂಗಸರಾದರೂ ಎಷ್ಟೋ ಮನೆಗಳಲ್ಲಿ ಸದಸ್ಯತ್ವ ಗಂಡಸರ ಹೆಸರಿನಲ್ಲಿರುತ್ತದೆ. ಸದಸ್ಯ ಎಂಬುದು ಒಂದು ಅಂತಸ್ತು. ಅದಕ್ಕೆ ತಕ್ಕಂತೆ ನಿರೀಕ್ಷಿಸುವ ನಡವಳಿಕೆ ಪಾತ್ರ. ಇಲ್ಲಿ ಅಂತಸ್ತು ಒಬ್ಬರದು, ದುಡಿಮೆ ಇನ್ನೊಬ್ಬರದು. ಹೊರಗಿನ ಗಳಿಕೆ ಗಂಡಸಿಗೆ, ಮನೆಯ ಆರೈಕೆ ಹೆಂಗಸಿಗೆ ಎಂಬ ಹಂಚಿಕೆ ಕುಟುಂಬವನ್ನು ಸ್ಥಿರವಾಗಿಡುತ್ತದೆ ಎಂದು ಪ್ರಕಾರ್ಯವಾದಿ ಟಾಲ್ಕಟ್ ಪಾರ್ಸನ್ಸ್ ವಾದಿಸಿದರು. ಹಣದ ಮೇಲೆ ಯಾರ ಹಿಡಿತ ಎಂದು ಸಂಘರ್ಷವಾದಿ ಕೇಳುತ್ತಾನೆ. ಈ ಎರಡು ಮಾತುಗಳು ಪಕ್ಕಪಕ್ಕದಲ್ಲಿ ಸುಮ್ಮನೆ ಕೂರುವುದಿಲ್ಲ: ಕೊಟ್ಟಿಗೆಯ ಕೆಲಸವೇ ಗಳಿಕೆಯಾಗಿರುವಾಗ ಪಾರ್ಸನ್ಸ್ ಅವರ ಗೆರೆ ಅಳಿಸಿಹೋಗುತ್ತದೆ. ಈ ಸಂಗತಿಯ ಮಟ್ಟಿಗೆ ಸಂಘರ್ಷ ದೃಷ್ಟಿಕೋನ ಹೆಚ್ಚು ವಿವರಿಸುತ್ತದೆ ಎಂಬುದು ನನ್ನ ತೀರ್ಮಾನ. ಸಂಘ ಬಾಗಿಲು ಮುಚ್ಚದೆ ನಡೆಯುವುದು ಹೇಗೆ ಎಂದು ಕೇಳಿದ್ದರೆ ಪ್ರಕಾರ್ಯವಾದದ ಕಡೆ ವಾಲುತ್ತಿದ್ದೆ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಬಳಿ ಪ್ರಕಾರ್ಯವಾದಿ ಶಿಸ್ತಿನಲ್ಲಿ ಪಳಗಿದವರು. ಆದರೆ ಅವರು 1948ರಲ್ಲಿ ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ನಡೆಸಿ ಮುಂದೆ ರೂಪಿಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ, ಭೂಮಿ, ಜನಬಲ ಮತ್ತು ಅಧಿಕಾರದ ಲೆಕ್ಕವನ್ನೇ ತೆರೆದಿಟ್ಟಿತು. ಕಲಿತ ಸಿದ್ಧಾಂತಕ್ಕಿಂತ ಕಂಡ ಊರು ಅವರಿಗೆ ದೊಡ್ಡದಾಯಿತು.

ಪರೀಕ್ಷೆಯಲ್ಲಿ ಮೂರನ್ನೂ ಬರೆಯಿರಿ, ಅಂಕ ಬೇಕಲ್ಲ. ಜೊತೆಗೆ ಮುಂದಿನ ಬಟವಾಡೆಯ ದಿನ ಡೇರಿಗೆ ಹೋಗಿ, ಹಣ ಯಾರ ಖಾತೆಗೆ ಬಂತು, ಅದನ್ನು ಯಾರು ಖರ್ಚು ಮಾಡಿದರು ಎಂಬುದನ್ನು ಒಪ್ಪಿದ ಹತ್ತು ಮನೆಗಳಲ್ಲಿ ವಿಚಾರಿಸಿ ಬರೆದುಕೊಳ್ಳಿ. ಅಲ್ಲಿ ಸಿಕ್ಕದ್ದು ನನ್ನ ಮೇಲಿನ ತೀರ್ಮಾನಕ್ಕೆ ವಿರುದ್ಧವಾಗಿದ್ದರೆ, ಅದನ್ನೇ ಉತ್ತರಪತ್ರಿಕೆಯಲ್ಲಿ ಉದಾಹರಣೆಯಾಗಿ ಕೊಡಿ.