ಮಾವನ ಕೈಗಳ ಬಗ್ಗೆ ಮಾತಾಡಿದೆ

ನಿಮ್ಮ ಪ್ರಶ್ನೆ ಓದಿದೆ. ವಿಮಾನ ಕಂಪನಿಯಲ್ಲಿದ್ದು ನಿವೃತ್ತರಾದ ದೊಡ್ಡಪ್ಪ ತೀರಿಕೊಂಡಿದ್ದಾರೆ, ಉತ್ತರಕ್ರಿಯೆಯ ದಿನ ನುಡಿನಮನ ನೀವೇ ಮಾಡಬೇಕು ಅಂತ ಮನೆಯವರು ಹೇಳಿದ್ದಾರೆ. ಅವರ ಕೆಲಸ ಏನೆಂದು ನಿಮಗೆ ಸರಿಯಾಗಿ ಗೊತ್ತಿಲ್ಲ. ದೊಡ್ಡಮ್ಮನನ್ನು ತುಂಬಾ ಪ್ರೀತಿಯಿಂದ ನೋಡಿಕೊಂಡರು ಅನ್ನುವುದಷ್ಟೇ ಗೊತ್ತು. ಏನು ಮಾತಾಡಲಿ ಅಂತ ಕೇಳಿದ್ದೀರಿ.

ಎರಡು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ನನ್ನ ಸೋದರಮಾವ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಂಡಿಯನ್ ಏರ್‌ಲೈನ್ಸ್ ನೌಕರರಾಗಿದ್ದರು. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ವಂಶ ತಾಯಿಯ ಕಡೆಯಿಂದ ನಡೆಯುವುದು. ಮಾವನ ಬೊಜ್ಜದಲ್ಲಿ (ಉತ್ತರಕ್ರಿಯೆಗೆ ನಮ್ಮ ಕಡೆ ಹಾಗೆನ್ನುತ್ತಾರೆ) ಅಳಿಯ ಮಾತಾಡದೆ ಇನ್ಯಾರು ಮಾತಾಡುವುದು ಅಂತ ಅಮ್ಮ ಹೇಳಿದರು. ನಾನು ಒಂದು ಹಾಳೆಯಲ್ಲಿ ಬರೆದೆ: ಸರಳ ಸಜ್ಜನ, ಅಜಾತಶತ್ರು, ಕೊಡುಗೈ ದಾನಿ. ಬರೆದು ಓದಿದಾಗ ಬೇಸರವಾಯಿತು. ಅದರಲ್ಲಿ ಮಾವ ಇರಲೇ ಇಲ್ಲ. ಆ ಮಾತುಗಳನ್ನು ಯಾವ ಶ್ರದ್ಧಾಂಜಲಿ ಫ್ಲೆಕ್ಸ್‌ನಲ್ಲಿ ಬೇಕಾದರೂ ಹಾಕಬಹುದು, ಅಲ್ವಾ?

ಹಿಂದಿನ ರಾತ್ರಿ ಅತ್ತೆಯ ಹತ್ತಿರ ಹೋಗಿ ಕೂತೆ. "ಮಾವನ ಬಗ್ಗೆ ಏನು ಹೇಳಲಿ ಅತ್ತೆ?" ಅಂತ ಕೇಳಿದೆ. ಅತ್ತೆ ಬಾಯಿ ತೆರೆಯಲಿಲ್ಲ. ನಡುಗುವ ಎರಡೂ ಕೈಗಳನ್ನು ನಿಧಾನಕ್ಕೆ ತಲೆಯ ಮೇಲೆ ಎತ್ತಿದರು. ಅಲ್ಲಿ ಒಂದರ ಮೇಲೊಂದು ಅಡ್ಡ ಮಾಡಿ ಹಿಡಿದರು.

ಅದು ವಿಮಾನ ನಿಲ್ಲಿಸುವ ಸನ್ನೆ.

ಮಾವನ ಕೆಲಸ ಏಪ್ರನ್‌ನಲ್ಲಿ, ಅಂದರೆ ವಿಮಾನಗಳು ಬಂದು ನಿಲ್ಲುವ ಅಂಗಳದಲ್ಲಿ. ಇಳಿದ ವಿಮಾನದ ಎದುರು ನಿಂತು ಕೈಸನ್ನೆ ಮಾಡಿ ಅದನ್ನು ಜಾಗಕ್ಕೆ ತರುವುದು. ಕಾಕ್‌ಪಿಟ್‌ನಲ್ಲಿ ಕೂತ ಪೈಲಟ್‌ಗೆ ತನ್ನ ವಿಮಾನದ ಚಕ್ರ ಕಾಣುವುದಿಲ್ಲ. ನೆಲದ ಹಳದಿ ಗೆರೆಯ ಮೇಲೆ ಮುಂದಿನ ಚಕ್ರ ಸರಿಯಾಗಿ ಬಂದು ನಿಲ್ಲಬೇಕಾದರೆ ಎದುರಿಗಿರುವ ಮನುಷ್ಯನ ಕೈಯನ್ನೇ ನಂಬಬೇಕು. ಎರಡೂ ತೋಳು ಮೇಲೆತ್ತಿ ಮೊಣಕೈಯಿಂದ ಹಿಂದೆ ಮುಂದೆ ಆಡಿಸಿದರೆ "ನೇರ ಬಾ". ಒಂದು ಕೈ ಬದಿಗೆ ಚಾಚಿ ಇನ್ನೊಂದರಲ್ಲಿ ಕರೆದರೆ "ಈ ಕಡೆ ತಿರುಗು". ತಲೆಯ ಮೇಲೆ ಅಡ್ಡ ಹಿಡಿದರೆ "ನಿಲ್ಲು". ವಿಮಾನ ನಿಂತ ಮೇಲೆ ಚಕ್ರ ಉರುಳದ ಹಾಗೆ ಹಿಂದೆ ಮುಂದೆ ಅಡ್ಡ ತುಂಡು ಇಟ್ಟು ಆಪು ಕೊಡಬೇಕು. ಅದಕ್ಕೆ ಅವರು ಚಾಕ್ ಅನ್ನುತ್ತಿದ್ದರು. ಹೊಟ್ಟೆಯ ಅಡಿಯಲ್ಲಿ ಮಿನುಗುವ ಕೆಂಪು ದೀಪ ಆರುವ ತನಕ ಯಾರೂ ಅವಸರ ಮಾಡಿ ಹತ್ತಿರ ಹೋಗಬಾರದು.

ಮಾವ ಹುಟ್ಟಿದ್ದು 1948ರಲ್ಲಿ. 1951ರ ಡಿಸೆಂಬರ್ 25ರಂದು ಬಜಪೆ ನಿಲ್ದಾಣ ಶುರುವಾದಾಗ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. ಮೂರು ವರ್ಷದ ಮಾವನನ್ನು ಅಜ್ಜ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ. 1972ರಲ್ಲಿ ಅದೇ ಗುಡ್ಡದ ಮೇಲೆ ಕೆಲಸ ಸಿಕ್ಕಿತು. ಮುಂದಿನ 34 ವರ್ಷ ಕಾವೂರಿನ ಮನೆಯಿಂದ ಮರವೂರು ಸೇತುವೆ ದಾಟಿ ಗುಡ್ಡ ಹತ್ತಿದರು. ಮೊದಲು ಸೈಕಲ್, ಆಮೇಲೆ ಸ್ಕೂಟರ್. ಆಗ ಇದ್ದದ್ದು 1,615 ಮೀಟರಿನ ಹಳೇ ರನ್‌ವೇ. ಮಳೆಗಾಲದಲ್ಲಿ ಮೋಡ ಗುಡ್ಡಕ್ಕೇ ಬಂದು ಕೂರುತ್ತದೆ. ವಿಮಾನದ ಸದ್ದು ಮೇಲೆ ಸುತ್ತುತ್ತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಮಾವ ರೇನ್‌ಕೋಟು ಹಾಕಿಕೊಂಡು ಅಂಗಳದಲ್ಲಿ ಕಾಯುತ್ತಿದ್ದರು. 2,450 ಮೀಟರಿನ ಹೊಸ ರನ್‌ವೇ ಶುರುವಾದದ್ದು 2006ರಲ್ಲಿ. ಅದೇ ವರ್ಷ ಅವರು ನಿವೃತ್ತರಾದರು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಆ ಹೊಸ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ಹೋದರು, ಉಳಿದದ್ದು ಎಂಟೇ ಮಂದಿ. ಮಾವ ಆ ದಿನ ಊಟ ಮಾಡಲಿಲ್ಲ. "ಇಳಿದ ವಿಮಾನ ಅಂಗಳಕ್ಕೆ ಬರಲಿಲ್ಲ" ಅಂತ ಒಂದೇ ಮಾತು ಹೇಳಿದರು. ನಾನು ಅದನ್ನು ನುಡಿನಮನದಲ್ಲಿ ಹೇಳಲಿಲ್ಲ. ಸೇರಿದವರಲ್ಲಿ ಆ ದಿನ ತಮ್ಮವರನ್ನು ಕಳೆದುಕೊಂಡವರೂ ಇದ್ದರು.

ಇನ್ನು ಅತ್ತೆಯ ವಿಷಯ. ಅತ್ತೆ ಪ್ರಾಥಮಿಕ ಶಾಲೆಯ ಟೀಚರ್. ಅವರು ಮಗ್ಗಿ ಹೇಳಿಸಿದರೆ ಶಾಲೆಯ ಗೇಟಿನವರೆಗೂ ಕೇಳಿಸುತ್ತಿತ್ತು. 1975ರಲ್ಲಿ ಮದುವೆ. ವಿಮಾನದವನಿಗೆ ಹೆಣ್ಣು ಕೊಟ್ಟರೆ ಮಗಳು ದಿನಾ ವಿಮಾನದಲ್ಲಿ ಓಡಾಡುತ್ತಾಳೆ ಅಂದುಕೊಂಡಿದ್ದರಂತೆ ಅತ್ತೆಯ ಮನೆಯವರು. ನೌಕರರಿಗೆ ಸ್ಟಾಫ್ ಟಿಕೆಟ್ ಇತ್ತು ನಿಜ. ಆದರೆ ಸೀಟು ಖಾಲಿ ಇದ್ದರೆ ಮಾತ್ರ. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಕೊನೆಗೆ ಇವರ ಸರದಿ. ಮೊದಲ ಬಾರಿ ಬೊಂಬಾಯಿಗೆ ಹೊರಟಾಗ ಮೂರು ದಿನ ಗುಡ್ಡ ಹತ್ತಿ ಮೂರು ದಿನವೂ ವಾಪಸ್ ಬಂದರು. ಅತ್ತೆ ಅದೇ ಹಸಿರು ರೇಷ್ಮೆ ಸೀರೆ ಮೂರು ಸಲ ಉಟ್ಟು ಮೂರು ಸಲ ಮಡಚಿಟ್ಟರು. ಮೂರನೇ ದಿನ ವಾಪಸ್ ಬರುವಾಗ ಮಾವ ದಾರಿಯಲ್ಲಿ ಎರಡು ಚೆಂಡು ಶಂಕರಪುರ ಮಲ್ಲಿಗೆ ತೆಗೆದುಕೊಟ್ಟರು. ಮದುವೆ ಸೀಸನ್, ಮಲ್ಲಿಗೆಗೆ ಬೆಂಕಿ ರೇಟು. ಒಂದು ಚೆಂಡಿನಲ್ಲಿ 800ರಷ್ಟು ಮೊಗ್ಗು ಇರುತ್ತದೆ. "ಅಷ್ಟು ಹೂ ಮುಡಿದು ಎಲ್ಲಿಗೂ ಹೋಗಲಿಲ್ಲ, ಜಗಲಿಯಲ್ಲಿ ಕೂತು ಗಂಜಿ ಊಟ ಮಾಡಿದೆ" ಅಂತ ಅತ್ತೆ ಈಗಲೂ ಹೇಳುತ್ತಾರೆ. ಹೇಳುವಾಗ ಮುಖ ಬೆಳಗುತ್ತದೆ. ನಾಲ್ಕನೇ ದಿನ ಸೀಟು ಸಿಕ್ಕಿತು. ಬೊಂಬಾಯಿಯ ಬಗ್ಗೆ ಅವರು ಹೇಳುವುದು ಕಡಿಮೆ, ಆ ಮೂರು ದಿನದ ಬಗ್ಗೆಯೇ ಜಾಸ್ತಿ.

2011ರಲ್ಲಿ ಅತ್ತೆಗೆ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಯಿತು. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ. ಈ ಕಾಯಿಲೆಯಲ್ಲಿ ದನಿಯೂ ಸಣ್ಣದಾಗುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಗೇಟಿನವರೆಗೆ ಕೇಳಿಸುತ್ತಿದ್ದ ದನಿ ಪಕ್ಕದ ಕುರ್ಚಿಗೂ ಕೇಳದ ಹಾಗಾಯಿತು. ಇತ್ತ ಮಾವನಿಗೆ ವರ್ಷಗಟ್ಟಲೆ ಎಂಜಿನ್‌ಗಳ ಹತ್ತಿರ ನಿಂತು ಕಿವಿ ಮಂದವಾಗಿತ್ತು. ಒಬ್ಬರಿಗೆ ಜೋರಾಗಿ ಮಾತಾಡಲು ಆಗುವುದಿಲ್ಲ, ಇನ್ನೊಬ್ಬರಿಗೆ ಮೆಲ್ಲಗೆ ಹೇಳಿದ್ದು ಕೇಳುವುದಿಲ್ಲ. ಆ ಮನೆ ಮೌನವಾಗಿಬಿಡುತ್ತದೆ ಅಂತ ನಾವು ಹೆದರಿದ್ದೆವು.

ಮಾವ ಅತ್ತೆಗೆ ಏಪ್ರನ್‌ನ ಸನ್ನೆಗಳನ್ನು ಕಲಿಸಿದರು. ಹೆಬ್ಬೆರಳು ಮೇಲೆತ್ತಿದರೆ ಎಲ್ಲ ಸರಿ. ಕೈ ಅಡ್ಡ ಹಿಡಿದರೆ ಸಾಕು, ನಿಲ್ಲಿಸಿ. ಇಬ್ಬರೂ ಸೇರಿ ಇನ್ನಷ್ಟು ಸೇರಿಸಿಕೊಂಡರು. ನೀರಿಗೆ ಒಂದು, ಸೆಖೆಗೆ ಒಂದು, "ಬಂದವರನ್ನು ಬೇಗ ಕಳಿಸಿ, ನನಗೆ ಸುಸ್ತು" ಅನ್ನಲು ಒಂದು.

ಆಮೇಲೆ ನಡೆಯುವಾಗ ಅತ್ತೆಯ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಂಡ ಹಾಗೆ ನಿಲ್ಲಲು ಶುರುವಾಯಿತು. ಬಾಗಿಲ ಹತ್ತಿರ, ತಿರುಗುವ ಕಡೆ ಜಾಸ್ತಿ. ಹಿಂದಿನಿಂದ ದೂಡಿದರೆ ಬಿದ್ದೇ ಹೋಗುತ್ತಾರೆ. ನೆಲದ ಮೇಲೆ ಗೆರೆ ಇದ್ದರೆ ಅದನ್ನು ದಾಟುವ ಯೋಚನೆಯಲ್ಲಿ ಕಾಲು ಏಳುತ್ತದೆ ಅಂತ ಫಿಸಿಯೋಥೆರಪಿ ಮಾಡಿಸುವ ಹುಡುಗಿ ಹೇಳಿದಳು. ಮಾವ ಅದೇ ಸಂಜೆ ಹಳದಿ ಟೇಪು ತಂದು, ಮಂಚದಿಂದ ಬಚ್ಚಲಿನವರೆಗೆ, ಅಡಿಗೆಮನೆಯಿಂದ ಜಗಲಿಯವರೆಗೆ ಅತ್ತೆಯ ಹೆಜ್ಜೆ ಅಳೆದು ಅಡ್ಡಗೆರೆ ಹಾಕಿದರು. ಆಮೇಲೆ ಎದುರು ನಿಂತರು. ತೋಳು ಮೇಲೆತ್ತಿ ನೇರ ಬಾ ಅಂತ ಕರೆಯುತ್ತಾ ಒಂದೊಂದೇ ಗೆರೆ ಹಿಂದಕ್ಕೆ ಸರಿದರು. ಅತ್ತೆ ನೆಲ ನೋಡಿ, ಮಾವನ ಕೈ ನೋಡಿ, ಗೆರೆ ದಾಟಿ ಬಂದರು. ಕುರ್ಚಿಯ ಹತ್ತಿರ ಬಂದಾಗ ಕೈ ತಲೆಯ ಮೇಲೆ ಅಡ್ಡ. ಅತ್ತೆ ಕೂತ ಮೇಲೆ ಬಗ್ಗಿ ಕುರ್ಚಿಯ ಕಾಲು ಅಲ್ಲಾಡುತ್ತದಾ ಅಂತ ನೋಡುತ್ತಿದ್ದರು. ಗಾಲಿಕುರ್ಚಿ ಬಂದ ಮೇಲೆ ಅದರ ಚಕ್ರಕ್ಕೂ ಮರದ ತುಂಡು ಕೊಡುತ್ತಿದ್ದರು. ನಾವು ಹೋದಾಗಲೆಲ್ಲ ಮಾವ ಮೊದಲು ಕೇಳುತ್ತಿದ್ದದ್ದು "ಚಾಕ್ ಹಾಕಿದ್ಯಾ?"

ಮಾತ್ರೆಯ ವಿಷಯದಲ್ಲೂ ಹಾಗೆಯೇ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು, ತಡವಾದರೆ ಮೈ ಬಿಗಿಯುತ್ತದೆ. ಮೀನು, ಬೇಳೆಯಂಥ ಪ್ರೋಟೀನ್ ಜೊತೆಗೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಪರಿಮಳ ಮನೆಯೆಲ್ಲ ತುಂಬಿದ್ದರೂ ಗಡಿಯಾರದ ಮುಳ್ಳು ಮುಟ್ಟುವ ತನಕ ಮಾವ ಬಟ್ಟಲು ಇಡುತ್ತಿರಲಿಲ್ಲ. ತಾವೂ ಉಣ್ಣುತ್ತಿರಲಿಲ್ಲ, ಸುಮ್ನೆ ಎದುರು ಕೂತಿರುತ್ತಿದ್ದರು.

ಕೊನೆಗೆ ಅವರೇ ಮೊದಲು ಹೋದರು. ಮಳೆಗಾಲದ ಒಂದು ಬೆಳಗಿನ ಜಾವ, ನಿದ್ದೆಯಲ್ಲಿ.

ಬೊಜ್ಜದ ದಿನ ಮೈಕ್ ಹಿಡಿದು ನಾನು ಹೇಳಿದ್ದು ಇಷ್ಟನ್ನೇ. ಹಳದಿ ಗೆರೆ, ಚಾಕ್, ಮೂರು ಸಲ ಉಟ್ಟ ಸೀರೆ. ದಾನಿ, ಸಜ್ಜನ ಅನ್ನುವ ಮಾತು ಬರಲಿಲ್ಲ. ಮಾವನ ಜೊತೆ ಕೆಲಸ ಮಾಡಿದ ಇಬ್ಬರು ಹಿರಿಯರು ಊಟದ ಹೊತ್ತಿಗೆ ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ.

ಅದಕ್ಕೇ ನಿಮಗೆ ಹೇಳುವುದು, ಇವತ್ತೇ ದೊಡ್ಡಮ್ಮನ ಹತ್ತಿರ ಹೋಗಿ. "ದೊಡ್ಡಪ್ಪ ಎಂಥವರು" ಅಂತ ಕೇಳಬೇಡಿ, ಒಳ್ಳೆಯವರು ಅಂತ ಹೇಳಿ ಅತ್ತುಬಿಡುತ್ತಾರೆ. ಡ್ಯೂಟಿ ಮುಗಿಸಿ ಬಂದ ತಕ್ಷಣ ಏನು ಮಾಡುತ್ತಿದ್ದರು ಅಂತ ಕೇಳಿ. ಕಿಸೆಯಲ್ಲಿ ಏನಿರುತ್ತಿತ್ತು, ಯಾವುದಕ್ಕೆ ರೇಗುತ್ತಿದ್ದರು, ಕೆಲಸದ ಯಾವ ಮಾತು ಮನೆಯಲ್ಲೂ ಬಾಯಿಗೆ ಬರುತ್ತಿತ್ತು ಅಂತ ಕೇಳಿ. ಅವರ ಜೊತೆ ಕೆಲಸ ಮಾಡಿದ ಒಬ್ಬರಿಗಾದರೂ ಫೋನ್ ಮಾಡಿ. ಟಿಕೆಟ್ ಕೌಂಟರಾ, ಸಾಮಾನು ಇಳಿಸುವುದಾ, ಎಂಜಿನ್ ರಿಪೇರಿಯಾ, ಅದು ಗೊತ್ತಾದರೆ ಅವರು ಮನೆಯಲ್ಲಿ ಮಾಡುತ್ತಿದ್ದ ಎಷ್ಟೋ ಕೆಲಸದ ಮೂಲ ನಿಮಗೇ ಕಾಣುತ್ತದೆ. ಮಾತಾಡುವಾಗ ದೊಡ್ಡಮ್ಮನ ಕುರ್ಚಿಯನ್ನು ಮುಂದಿನ ಸಾಲಿನಲ್ಲೇ ಹಾಕಿಸಿ. ಅಷ್ಟೂ ಮಾತು ಮೊದಲು ಅವರಿಗೆ ಕೇಳಿಸಬೇಕು.

ಟೇಪು ಈಗಲೂ ಕಾವೂರಿನ ಮನೆಯ ನೆಲದಲ್ಲಿದೆ. ಅಲ್ಲಲ್ಲಿ ಸವೆದಿತ್ತು, ಹೊಸದು ಹಾಕಿದ್ದೇವೆ. ಭಾನುವಾರ ನಾನು ಹೋಗಿ ಅತ್ತೆಯ ಎದುರು ನಿಂತು ತೋಳು ಎತ್ತುತ್ತೇನೆ. ನಾನು ಬೇಗ ಬೇಗ ಹಿಂದೆ ಸರಿದರೆ ಅತ್ತೆ ಅಲ್ಲೇ ನಿಂತು ಕೈ ಅಡ್ಡ ಹಿಡಿಯುತ್ತಾರೆ. ನಾನೂ ನಿಲ್ಲುತ್ತೇನೆ. ಅವರು ಹೆಬ್ಬೆರಳು ಎತ್ತಿದ ಮೇಲೆ ಮುಂದಿನ ಗೆರೆ.